ನಾಟಿ ಅವರೆ ಹಾಕಬೇಕಾ, ಹೆಬ್ಬಾಳ ಅವರೆ ಹಾಕಬೇಕಾ?

ಮಾಗಡಿ ಕಡೆ ಅರ್ಧ ಎಕರೆ ಖುಷ್ಕಿ ಹೊಲ ಇದೆ, ನಾಟಿ ಅವರೆ ಹಾಕಿದರೆ ಇಳುವರಿ ಬರುತ್ತದಾ, ಕಾಳು ಬೇಯುವುದಿಲ್ಲ ಅನ್ನುತ್ತಾರಲ್ಲ ನಿಜವಾ ಅಂತ ಕೇಳಿದ್ದೀರಿ. ನಾನು ಎರಡನ್ನೂ ಬೆಳೆದಿದ್ದೇನೆ, ಎರಡರ ಸಾರೂ ಉಂಡಿದ್ದೇನೆ. ಮಳೆ ನಂಬಿದ ಹೊಲವಾದರೆ ನಾಟಿಯನ್ನೇ ಹಾಕಿ. ಆದರೆ ರಾಗಿ ಜೊತೆಗೆ ಹಾಕಿ.

ಒಂದು ವಿಷಯ ಮೊದಲೇ ತಿಳಿದಿರಲಿ. ಹಗಲು ಚಿಕ್ಕದಾಗುವ ತನಕ ನಾಟಿ ಅವರೆ ಹೂ ಬಿಡುವುದಿಲ್ಲ. ಒಂದು ವರ್ಷ ನೀರಿದೆಯಲ್ಲಾ ಅಂತ ಮಾರ್ಚ್‌ನಲ್ಲಿ ಬಿತ್ತಿದ್ದೆ. ಬಳ್ಳಿ ಹೊಲ ತುಂಬ ಹಬ್ಬಿತು, ಜುಲೈ ಬಂದರೂ ಒಂದು ಹೂವಿಲ್ಲ. ಕೊನೆಗೆ ಕೊಯ್ದು ಹಸುಗಳಿಗೆ ಹಾಕಿದೆ. ಬಹಳ ಬೇಜಾರಾಗಿತ್ತು. ಬೀಜ ಚೆನ್ನಾಗಿಯೇ ಇತ್ತು, ನಾನು ಬಿತ್ತಿದ ಕಾಲ ತಪ್ಪಾಗಿತ್ತು.

ಹೆಬ್ಬಾಳ ಅವರೆಗೆ, ಅಂದರೆ ಎಚ್‌ಎ-3, ಎಚ್‌ಎ-4ಕ್ಕೆ, ಈ ಹಗಲಿನ ಲೆಕ್ಕ ಇಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಳಿಗಳು ಇವು. ಗಿಡ ಗಿಡ್ಡ, ಉದ್ದ ಬಳ್ಳಿ ಬಿಡುವುದಿಲ್ಲ, ವರ್ಷದಲ್ಲಿ ಯಾವಾಗ ಬೇಕಾದರೂ ಬಿತ್ತಬಹುದು. ನೀರಿದ್ದು, ಬೇಸಿಗೆಯಲ್ಲಿ ಮಾರುವ ಯೋಚನೆ ಇದ್ದರೆ ಅದೇ ಸರಿ. ಅದನ್ನು ಸುಮ್ನೆ ಹಳಿಯುವವರ ಮಾತು ನಾನು ಒಪ್ಪುವುದಿಲ್ಲ.

ಬರೀ ಅವರೆ ತೂಗಿ ನೋಡಿದರೆ ನಾಟಿಯ ಇಳುವರಿ ಕಡಿಮೆಯೇ ಕಾಣುತ್ತದೆ. ಆದರೆ ಅದು ಅಕ್ಕಡಿ ಬೆಳೆ, ಮುಖ್ಯ ಬೆಳೆಯ ಸಾಲುಗಳ ಮಧ್ಯೆ ಹಾಕುವಂಥದ್ದು, ಅಲ್ವಾ? ನಾನು ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ ಹಾಕುತ್ತೇನೆ, ಜುಲೈನಲ್ಲಿ, ರಾಗಿ ಬಿತ್ತಿದ ದಿನವೇ. ರಾಗಿ ಕೊಯ್ಲಾದ ಮೇಲೆ ಇಡೀ ಹೊಲ ಅದರದ್ದೇ. ನೆಲದಲ್ಲಿ ಉಳಿದ ತೇವ, ಮಾಗಿಯ ಇಬ್ಬನಿ, ಇಷ್ಟೇ ಅದಕ್ಕೆ ಸಾಕು. ಸಂಕ್ರಾಂತಿ ದಾಟುವ ತನಕ ಸರದಿ ಮೇಲೆ ಕಾಯಿ ಕೀಳುತ್ತಲೇ ಇರುತ್ತೇವೆ. ಮೋಡ ಕವಿದು ಒಂದು ಸಲದ ಹೂ ಉದುರಿದರೂ ಮುಂದಿನ ಹೂ ಕೈ ಹಿಡಿಯುತ್ತದೆ. ಹೆಬ್ಬಾಳದಲ್ಲಿ ಕಾಯಿ ಹೆಚ್ಚುಕಡಿಮೆ ಒಟ್ಟಿಗೇ ಬರುವುದರಿಂದ ಆ ಧೈರ್ಯ ಇರುವುದಿಲ್ಲ. ಕಾಯಿಕೊರಕ ಹುಳ ಎರಡನ್ನೂ ಬಿಡುವುದಿಲ್ಲ. ಹೂ ಕಂಡ ದಿನದಿಂದ ಬೆಳಗ್ಗೆ ಬೆಳಗ್ಗೆ ಸಾಲು ಸುತ್ತಿ ನೋಡಿ.

ಇನ್ನು ಅಡುಗೆ. ನಾಟಿ ಕಾಯಿ ಸುಲಿದಾಗ ಬೆರಳಿಗೆ ಎಣ್ಣೆಯಂಥ ಜಿಡ್ಡು ಅಂಟುತ್ತದಲ್ಲ, ಸೊಗಡು ಇರುವುದು ಅದರಲ್ಲೇ. ಚಳಿಗಾಲದ ಕಾಯಿಯಲ್ಲಿ ಅದು ಜಾಸ್ತಿ. ಬೇಸಿಗೆಯಲ್ಲಿ ಬೆಳೆದ ಹೆಬ್ಬಾಳದಲ್ಲಿ ನನಗೆ ಆ ಪರಿಮಳ ಸಿಕ್ಕಿಲ್ಲ. ನಮ್ಮಮ್ಮ ಸಾರಿಗೆ ಕಾಳಿನ ಜೊತೆ ನಾಲ್ಕು ಎಳೆಗಾಯಿ ಸಿಪ್ಪೆ ಸಮೇತ ಹಾಕುತ್ತಿದ್ದರು. ಅಡುಗೆಮನೆಯ ವಾಸನೆ ಬೀದಿಗೆ ಬರುತ್ತಿತ್ತು.

ಬೇಯುವುದಿಲ್ಲ ಅನ್ನುವುದು ಹಸಿ ಕಾಳಿನ ಮಟ್ಟಿಗೆ ಸುಳ್ಳು. ಕುಕ್ಕರ್ ಒಂದು ಕೂಗು ಜಾಸ್ತಿ ಕೂಗಿದರೂ ಕರಗಿಹೋಗುತ್ತದೆ. ಒಣ ಕಾಳಿನಲ್ಲಿ ತೊಂದರೆ ಇರುವುದು ನಿಜ. ಅದು ಹೋದ ವರ್ಷದ ಕಾಳಾಗಿದ್ದರೆ, ಬೋರಿನ ಗಡಸು ನೀರಾಗಿದ್ದರೆ, ಹುಣಸೆಹುಳಿ ಮೊದಲೇ ಬಿದ್ದಿದ್ದರೆ ಎಷ್ಟು ಹೊತ್ತಾದರೂ ಗಟ್ಟಿಯೇ. ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಬೇರೆ ನೀರಿನಲ್ಲಿ ಬೇಯಿಸಿ, ಹುಳಿ ಕೊನೆಗೆ ಬಿಡಿ. ಹಿದುಕಿದ ಬೇಳೆಗೆ ತುಂಬ ಎಳಸು ಬೇಡ, ಹಿದುಕುವಾಗ ಕಾಳು ನುಜ್ಜಾಗುತ್ತದೆ. ಬಲಿತು ಇನ್ನೂ ಹಸಿರಾಗಿರುವ ಕಾಳನ್ನು ಕೆಲವು ಗಂಟೆ ನೆನೆಸಿದರೆ ಹೆಬ್ಬೆರಳು ಒತ್ತಿದ ಕೂಡಲೇ ಬೇಳೆ ಜಾರುತ್ತದೆ. ಮುದ್ದೆಗೆ ಆ ಸಾರಿನ ಮುಂದೆ ನನಗೆ ಬೇರೆ ಯಾವುದೂ ಬೇಡ.

ಬೀಜಕ್ಕೆ ಅಂಗಡಿ ಸುತ್ತಬೇಡಿ. ನಿಮ್ಮೂರಿನಲ್ಲೇ ಇನ್ನೂ ಅಕ್ಕಡಿ ಹಾಕುವ ಅಜ್ಜ, ಅಜ್ಜಿಯರನ್ನು ಕೇಳಿ. ಅರ್ಧ ಎಕರೆ ಅಕ್ಕಡಿಗೆ ಒಂದೆರಡು ಕೆಜಿ ಸಾಕು. ಮುಂದಿನ ವರ್ಷಕ್ಕೆ ನಿಮ್ಮ ಹೊಲದಲ್ಲೇ ಚೆನ್ನಾಗಿ ಕಾಯಿ ಬಿಟ್ಟ ಬಳ್ಳಿಗಳಿಗೆ ದಾರ ಕಟ್ಟಿ ಗುರುತು ಮಾಡಿ, ಅದರ ಕಾಯಿ ಕೀಳದೆ ಒಣಗಲು ಬಿಡಿ. ಕಾಳನ್ನು ಚೆನ್ನಾಗಿ ಬಿಸಿಲಿಗೆ ಹಾಕಿ, ಒಲೆ ಬೂದಿ ಬೆರೆಸಿ ಇಟ್ಟರೆ ಹುಳ ಅಷ್ಟು ಸುಲಭಕ್ಕೆ ಹತ್ತುವುದಿಲ್ಲ.