ಉಪ್ಪುಗಾಳಿಯ ಊರಿನಲ್ಲಿ ಫೈಬರ್ ಕಾಂಕ್ರೀಟ್: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಮಲ್ಪೆಯಲ್ಲಿ ಕಡಲಿಗೆ ಹತ್ತಿರ ನಮ್ಮ ಮನೆ. 600 ಚದರ ಅಡಿ ಅಂಗಳಕ್ಕೆ 4 ಇಂಚು ಕಾಂಕ್ರೀಟ್ ಹಾಕಿಸಬೇಕು. ಫೈಬರ್ ಬೆರೆಸಿದರೆ ಉಪ್ಪುಗಾಳಿಗೆ ಏನೂ ಆಗುವುದಿಲ್ಲ ಅನ್ನುತ್ತಾರೆ ಅಂಗಡಿಯವರು. ಹೌದೇ? ಎಷ್ಟು ಬೇಕು?

ಉತ್ತರ: ಅರ್ಧ ನಿಜ. ಸಣ್ಣ ಪೊಟ್ಟಣದಲ್ಲಿ ಬರುವ 12 ಮಿ.ಮೀ. ಪಾಲಿಪ್ರೊಪಿಲೀನ್ (ಒಂದು ಬಗೆಯ ಪ್ಲಾಸ್ಟಿಕ್) ಎಳೆಯನ್ನು ಉಪ್ಪಾಗಲಿ ಸಿಮೆಂಟಿನ ಕ್ಷಾರವಾಗಲಿ ತಿನ್ನುವುದಿಲ್ಲ. ಆದರೆ ಅದರ ಕೆಲಸವೆಲ್ಲ ಕಾಂಕ್ರೀಟ್ ಹಸಿಯಿರುವ ಮೊದಲ ಕೆಲವು ಗಂಟೆಗಳದ್ದು. ಬಿಸಿಲು, ಗಾಳಿ ಸೇರಿ ಮೇಲ್ಮೈ ಬೇಗ ಒಣಗಿದಾಗ ಬೀಳುವ ಕೂದಲೆಳೆ ಬಿರುಕುಗಳನ್ನು ಅದು ತಡೆಯುತ್ತದೆ. ಗಟ್ಟಿಯಾದ ಮೇಲೆ ಒಳಗೆ ಉಪ್ಪು ಇಳಿಯದಂತೆ ಕಾಯುವುದು ಕಡಿಮೆ ನೀರು ಮತ್ತು ಸರಿಯಾದ ಕ್ಯೂರಿಂಗ್, ಅಂದರೆ ಗಟ್ಟಿಯಾಗುವಾಗ ಒದ್ದೆಯಾಗಿ ಇಡುವುದು.

ನಿಮ್ಮ ಲೆಕ್ಕ 200 ಘನ ಅಡಿ, ಅಂದರೆ ಸುಮಾರು 5.7 ಘನ ಮೀಟರ್. ಸ್ಲ್ಯಾಗ್ ಸಿಮೆಂಟ್ (ಉಕ್ಕಿನ ಕಾರ್ಖಾನೆಯ ಕಿಟ್ಟದ ಪುಡಿ ಬೆರೆತದ್ದು) 39 ಚೀಲ, ಚೀಲಕ್ಕೆ 125 ಗ್ರಾಂನಂತೆ ಫೈಬರ್ 5 ಕೆ.ಜಿ. ಸಾಕು. ಜಲ್ಲಿ, ಮರಳು ತಿರುಗುತ್ತಿರುವಾಗಲೇ ಫೈಬರನ್ನು ಉದುರಿಸುತ್ತಾ ಹಾಕಿಸಿ; ಒಂದೇ ಸಲ ಸುರಿದರೆ ಉಂಡೆ ಕಟ್ಟುತ್ತದೆ. ನೀರು ಚೀಲಕ್ಕೆ 22 ಲೀಟರ್ ಮೀರಬಾರದು. ಒದ್ದೆ ಮರಳಿನಲ್ಲೇ ಚೀಲಕ್ಕೆ ಐದಾರು ಲೀಟರ್ ಇರುತ್ತದೆ, ಅದನ್ನು ಕಳೆಯಿರಿ. ಫೈಬರ್ ಬಿದ್ದ ಮೇಲೆ ಮಾಲು ಬಿಗಿಯಾಗಿ ಕಾಣುವುದು ಸಹಜ. ಆಗ ಮೇಸ್ತ್ರಿ ಇನ್ನೊಂದು ಕೊಡ ನೀರು ಹುಯ್ದರೆ ಫೈಬರಿಗೆ ಕೊಟ್ಟ ಕಾಸು ದಂಡ. ಬಿಗಿ ಸಡಿಲಿಸಲು ಪ್ಲಾಸ್ಟಿಸೈಸರ್ ಎಂಬ ದ್ರಾವಣ ಬಳಸಿ, ನೀರನ್ನಲ್ಲ. 10 ಅಡಿಗೊಂದರಂತೆ ಒಂದಿಂಚು ಆಳದ ಜಾಯಿಂಟ್ (ಬಿರುಕು ಅಲ್ಲೇ ಬೀಳಲೆಂದು ಬಿಡುವ ಗೀರು) ಅದೇ ದಿನ ಕತ್ತರಿಸಿ, ಗೋಣಿಚೀಲ ಹೊದಿಸಿ 14 ದಿನ ನೀರುಣಿಸಿ. ಮೇ ತಿಂಗಳಲ್ಲಿ ಬಾವಿ ನೀರು ಉಪ್ಪಾಗುವ ಜಾಗವಾದರೆ ಮೊದಲು ಪರೀಕ್ಷೆ ಮಾಡಿಸಿ: ಕಂಬಿ ಇರುವ ಕಾಂಕ್ರೀಟಿಗೆ ಕ್ಲೋರೈಡ್ ಲೀಟರಿಗೆ 500 ಮಿ.ಗ್ರಾಂ, ಕಂಬಿ ಇಲ್ಲದ್ದಕ್ಕೆ 2000 ಮಿ.ಗ್ರಾಂ ಎಂಬುದು ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರ ಮಿತಿ.

ಪ್ರಶ್ನೆ: ಕಿಟಕಿಯ ಸಜ್ಜಾ ಅಡಿಯಿಂದ ಉದುರಿ, ತುಕ್ಕು ಹಿಡಿದ ಕಂಬಿ ಕಾಣುತ್ತಿದೆ. ಹೊಸದಕ್ಕೆ ಕಂಬಿ ಬಿಟ್ಟು ಸ್ಟೀಲ್ ಫೈಬರ್ ಹಾಕಬಹುದೇ?

ಉತ್ತರ: ಬೇಡ. ಗೋಡೆಯಿಂದ ಚಾಚಿ ನಿಂತ ಸಜ್ಜಾದಲ್ಲಿ ಎಳೆತವೆಲ್ಲ ಮೇಲ್ಭಾಗದಲ್ಲಿರುತ್ತದೆ. ಅದನ್ನು ಹೊರಲು ಮೇಲಿನ ಕಂಬಿಯೇ ಬೇಕು, ಬಿಡಿ ಎಳೆಗಳನ್ನು ನಂಬುವಂತಿಲ್ಲ. ಮೇಲಿರಬೇಕಾದ ಕಂಬಿ ನಿಮಗೆ ಕೆಳಗೆ ಕಾಣುತ್ತಿದೆ ಎಂದರೆ, ಕಾಂಕ್ರೀಟ್ ಹಾಕುವಾಗ ತುಳಿತಕ್ಕೆ ಸಿಕ್ಕಿ ಕುಸಿದಿರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ತುಕ್ಕಿಗಿಂತ ಅದೇ ದೊಡ್ಡ ಅಪಾಯ. ಇಂಜಿನಿಯರ್ ನೋಡುವ ತನಕ ಅದರ ಮೇಲೆ ಯಾರೂ ಹತ್ತದಿರಲಿ.

ಐಎಸ್ 456 ಕಡಲತೀರವನ್ನು 'ಸಿವಿಯರ್' (ತೀವ್ರ) ವರ್ಗದಲ್ಲಿಡುತ್ತದೆ: ಎಂ30 ಬಲದ ದರ್ಜೆಯ ಕಾಂಕ್ರೀಟ್, ಕಂಬಿಗೆ 45 ಮಿ.ಮೀ. ಕವರ್, ಅಂದರೆ ಕಂಬಿಯನ್ನು ಮುಚ್ಚುವ ಕಾಂಕ್ರೀಟಿನ ದಪ್ಪ. ರೂಢಿಯ 3 ಇಂಚು ಸಜ್ಜಾದಲ್ಲಿ ಮೇಲೂ ಕೆಳಗೂ ಅಷ್ಟು ಕವರ್ ಕೂರುವುದಿಲ್ಲ, ಬುಡದಲ್ಲಿ 5 ಇಂಚು ಬೇಕು. ಕಂಬಿ ಕುಸಿಯದಂತೆ ಕೆಳಗೆ ಚೇರ್ (ಕಂಬಿಯನ್ನು ಎತ್ತಿ ಹಿಡಿಯುವ ಆಸರೆ) ಇಡಿಸಿ. ಇಷ್ಟಾದ ಮೇಲೆ ಪಾಲಿಪ್ರೊಪಿಲೀನ್ ಸೇರಿಸುವುದಾದರೆ ಸೇರಿಸಿ, ಕೆಡುಕಿಲ್ಲ.

ಪ್ರಶ್ನೆ: ಮೀನಿನ ಶೆಡ್ಡಿನ ಸ್ಟೀಲ್ ಫೈಬರ್ ನೆಲದಲ್ಲಿ ಕಂದು ಚುಕ್ಕಿಗಳೆದ್ದಿವೆ. ನೆಲ ಹಾಳಾಗುತ್ತಿದೆಯೇ?

ಉತ್ತರ: ಚುಕ್ಕಿ ಮಾತ್ರವಾದರೆ ಚಿಂತೆ ಬೇಡ. ಮೇಲಿನ ಕೆಲವು ಮಿ.ಮೀ.ನಲ್ಲಿರುವ ತುಣುಕುಗಳಷ್ಟೇ ತುಕ್ಕು ಹಿಡಿಯುತ್ತವೆ. ಒಂದಕ್ಕೊಂದು ತಾಗದ ಸಣ್ಣ ತುಣುಕುಗಳಾದ್ದರಿಂದ ತುಕ್ಕು ಕಂಬಿಯಲ್ಲಿ ಹರಿದಂತೆ ಉದ್ದಕ್ಕೆ ಹರಿಯದು, ಕಾಂಕ್ರೀಟನ್ನು ಸೀಳದು. ನೋಡಬೇಕಾದದ್ದು ಬಿರುಕು. 0.3 ಮಿ.ಮೀ. ದಾಟಿದ ಬಿರುಕಿನಲ್ಲಿ ಉಪ್ಪುನೀರು ನಿಂತರೆ, ಬಿರುಕನ್ನು ಹಿಡಿದಿಟ್ಟ ಫೈಬರುಗಳೇ ಸವೆದು ತುಂಡಾಗುತ್ತವೆ. ಅಂಥವನ್ನು ಎಪಾಕ್ಸಿಯಿಂದ ಮುಚ್ಚಿಸಿ.

ಪ್ರಶ್ನೆ: ತೆಂಗಿನ ನಾರು ಆಗುವುದಿಲ್ಲವೇ?

ಉತ್ತರ: ಶಾಶ್ವತ ಕೆಲಸಕ್ಕೆ ಆಗದು. ಸಿಮೆಂಟಿನ ಕ್ಷಾರ ನಾರನ್ನು ಬಿಗಿಯಾಗಿ ಹಿಡಿದಿಡುವ ಲಿಗ್ನಿನ್ನನ್ನು ಕರಗಿಸುತ್ತದೆ. ಒದ್ದೆಯಾಗಿ ಒಣಗುವ ಜಾಗದಲ್ಲಿ ಇನ್ನೂ ಬೇಗ. ಸಾಮಾನ್ಯ ಗಾಜಿನ ಎಳೆಯದೂ ಅದೇ ಪಾಡು, ಗಾಜೇ ಬೇಕೆಂದರೆ ಜಿರ್ಕೋನಿಯಾ ಬೆರೆತ, ಕ್ಷಾರ ತಡೆಯುವ ಎಆರ್ ಗ್ಲಾಸ್ ಕೇಳಿ ತೆಗೆದುಕೊಳ್ಳಿ.