ಪಕ್ಷ ಬದಲಿಸಿದ್ದು ಸಾಹೇಬರು, ನಿದ್ದೆ ಕೆಟ್ಟಿದ್ದು ಬೂತ್ ಏಜೆಂಟರಿಗೆ

ಹೆಸರು, ವಯಸ್ಸು, ಮನೆಯ ಕೆಲವು ವಿವರ ಎಲ್ಲ ಬದಲಿಸಿದ್ದೇನೆ. ಇಲ್ಲಿ ಅವರನ್ನು ವೆಂಕಟರಾಯಪ್ಪ ಎಂದು ಕರೆಯೋಣ. ಅರವತ್ತರ ಹತ್ತಿರದ ರೈತರು, ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಹಳ್ಳಿಯವರು, ಅಲ್ಲಿ ಒಂದು ಪಕ್ಷದ ಬೂತ್ ಏಜೆಂಟರು. ಹಿಪ್ಪುನೇರಳೆ ತೋಟ ಇದೆ, ಹುಳು ಮನೆ ಇದೆ, ಗೂಡು ಹೋಗುವುದು ಶಿಡ್ಲಘಟ್ಟ ಮಾರುಕಟ್ಟೆಗೆ. ಪಕ್ಷದ ಹೆಸರು ಬರೆಯುವುದಿಲ್ಲ. ಓದುವವರು ಊಹೆ ಮಾಡುತ್ತಾರೆ, ಮಾಡಲಿ. ನಮ್ಮ ಕಡೆಯ ಮೂರು ಪಕ್ಷದಲ್ಲಿ ಯಾವುದನ್ನು ಇಟ್ಟು ಓದಿದರೂ ಕತೆ ಹೊಂದುತ್ತದೆ.

ಆಪ್ತಸಲಹೆಗೆ ಅವರನ್ನು ನನ್ನ ಹತ್ತಿರ ಕರೆದುಕೊಂಡು ಬಂದವರು ಅವರ ಹೆಂಡತಿ. ರಾಜಕೀಯದ ಮಾತನ್ನು ಆಕೆ ಎತ್ತಲೇ ಇಲ್ಲ. "ಮೂರನೇ ಜ್ವರ ಎದ್ದ ಹುಳಕ್ಕೆ ಸೊಪ್ಪು ಹಾಕಿಲ್ಲ ಮೇಡಂ. ಸುಮ್ನೆ ಮಲಗಿದ್ರು" ಎಂದರು. ರೇಷ್ಮೆ ಮಾಡುವ ಮನೆಯವರಿಗೆ ಇದರ ತೂಕ ಗೊತ್ತು. ಜ್ವರ ಅಂದರೆ ಹುಳ ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ಅದರಿಂದ ಎದ್ದ ಹುಳ ಹಸಿದಿರುತ್ತದೆ. ಮನೆಯಲ್ಲಿ ಸಾವಾಗಿದ್ದರೂ ಯಾರಾದರೊಬ್ಬರು ಹೋಗಿ ಸೊಪ್ಪು ಹಾಕಿ ಬರುತ್ತಾರೆ. ಇವರು ಹಾಕಿರಲಿಲ್ಲ.

ಕೇಳುತ್ತಾ ಹೋದಂತೆ ಉಳಿದದ್ದೂ ಬಂತು. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಡೇರಿಗೆ ಹಾಲು ಹಾಕಲು ಮಗನನ್ನು ಕಳಿಸುತ್ತಾರೆ. ಟೀ ಅಂಗಡಿ ಕಡೆ ತಲೆ ಹಾಕುವುದಿಲ್ಲ. ಟಿವಿಯಲ್ಲಿ ಸುದ್ದಿ ಬಂದರೆ ಬೈಗುಳ, ಅದೂ ಮನೆಮಾತು ತೆಲುಗಿನಲ್ಲಿ. ಸಾಯಬೇಕು ಅನ್ನಿಸಿದೆಯಾ ಎಂದು ನೇರವಾಗಿಯೇ ಕೇಳಿದೆ. ಇಂಥ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ಬರುತ್ತದೆ ಎಂದು ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. "ಸಾಯೋದೆಲ್ಲ ಇಲ್ಲ, ಊರಲ್ಲಿ ಮುಖ ತೋರ್ಸೋಕಾಗ್ತಿಲ್ಲ ಅಷ್ಟೇ" ಎಂದರು. ಬಿಪಿ, ಶುಗರ್ ನೋಡಿಸಲು ತಾಲ್ಲೂಕು ಆಸ್ಪತ್ರೆಗೆ ಕಳಿಸಿದೆ.

ಮುಂದಿನ ಸಲ ಬಂದಾಗ ಕೈಯಲ್ಲಿ ಬಟ್ಟೆ ಅಂಗಡಿಯ ದೊಡ್ಡ ಕವರ್ ಇತ್ತು. ಅದರ ತುಂಬ ಹಳೇ ಮತದಾರರ ಪಟ್ಟಿಗಳು. ಒಂದೊಂದು ಚುನಾವಣೆಯದನ್ನೂ ಪಿನ್ ಹೊಡೆದು ಇಟ್ಟಿದ್ದಾರೆ. ಪ್ರತಿ ಹೆಸರಿನ ಮುಂದೆ ಗುರುತು. ಕೆಂಪು ಟಿಕ್ ಅಂದರೆ ನಮ್ಮವರು, ನೀಲಿ ಅಂದರೆ ಅವರು, ಸೊನ್ನೆ ಅಂದರೆ ಇನ್ನೊಮ್ಮೆ ಹೋಗಿ ಮಾತಾಡಬೇಕು. ಒಬ್ಬ ಅಜ್ಜಿಯ ಹೆಸರಿನ ಮುಂದೆ "ಆಟೋ ಕಳಿಸಬೇಕು" ಎಂದು ಸಣ್ಣಕ್ಕೆ ಬರೆದಿತ್ತು. ಇನ್ನೊಂದು ಹೆಸರಿಗೆ "ಮಗ ಬೆಂಗಳೂರು, ಫೋನ್". ಕೆಂಪು ಟಿಕ್‌ಗಳ ಮೇಲೆ ಬೆರಳಿಟ್ಟು ಅವರು ಹೇಳಿದ ಮಾತೇ ಈ ಪ್ರಕರಣದ ಗಂಟು.

"ಇವ್ರೆಲ್ಲ ಸಾಹೇಬ್ರನ್ನ ನೋಡಿ ಹಾಕಿಲ್ಲ ಮೇಡಂ. ನನ್ನ ಮುಖ ನೋಡಿ ಹಾಕಿದ್ದು. ನಾನು ಜಾಮೀನು ನಿಂತಿದ್ದೆ. ಸಾಲ ತಗೊಂಡೋನು ಓಡ್ಹೋದ, ಈಗ ಎಲ್ಲಾರೂ ನನ್ನನ್ನ ನೋಡ್ತಾರೆ."

ಆದದ್ದು ಇಷ್ಟು. ಅವರು ಯಾರಿಗಾಗಿ ವರ್ಷಾನುಗಟ್ಟಲೆ ದುಡಿದಿದ್ದರೋ ಆ ನಾಯಕರು, ಅಂದರೆ ಸಾಹೇಬರು, ಎದುರು ಪಕ್ಷದ ಶಾಲು ಹಾಕಿಸಿಕೊಂಡರು. ಯಾವುದನ್ನು ತತ್ವ ಎಂದು ಇವರ ಕೈಲಿ ಮನೆಮನೆಗೆ ಹೇಳಿಸಿದ್ದರೋ ಅದಕ್ಕೆ ತಿರುಗಿ ನಿಂತು ವೇದಿಕೆಯಲ್ಲಿ ಮಾತಾಡಿದರು. ಆ ವೇದಿಕೆಯಲ್ಲಿ ವೆಂಕಟರಾಯಪ್ಪನವರ ಸ್ವಂತ ತಮ್ಮನೂ ಇದ್ದ. ಅಣ್ಣತಮ್ಮಂದಿರು ಮಾತು ಬಿಟ್ಟು ಎಷ್ಟೋ ವರ್ಷ ಆಗಿತ್ತು. ಜಗಳ ಹುಟ್ಟಿದ್ದು ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ. ಆ ಚುನಾವಣೆಗೆ ನಮ್ಮ ರಾಜ್ಯದಲ್ಲಿ ಪಕ್ಷದ ಚಿಹ್ನೆಯೇ ಇಲ್ಲ, ಆದರೂ ಊರು ಒಡೆಯುವುದು ಅದರಲ್ಲೇ ಜಾಸ್ತಿ. ಸಾಹೇಬರು ಆಚೆ ಹೋದ ಸಂಜೆ ತಮ್ಮ ಫೋನ್ ಮಾಡಿ, "ಅಣ್ಣ, ಇನ್ಮೇಲೆ ನಿಮ್ ಸಾಹೇಬ್ರು ನಮ್ ಸಾಹೇಬ್ರು" ಎಂದು ನಕ್ಕನಂತೆ. ಅವತ್ತಿನಿಂದ ನಿದ್ದೆ ಇಲ್ಲ.

ಮನೆಯವರು ಸಮಾಧಾನ ಮಾಡಿರಲಿಲ್ಲ ಅಂತಲ್ಲ. "ರಾಜಕೀಯ ಅಂದ್ರೆ ಇಷ್ಟೇ ಅಲ್ವಾ, ಬಿಟ್ಟಾಕಿ" ಎಂದು ಎಲ್ಲರೂ ಹೇಳಿದ್ದರು. ಒಳ್ಳೆಯ ಮನಸ್ಸಿನಿಂದಲೇ. ಆದರೆ ಈ ಮಾತಿನಷ್ಟು ಕೆಟ್ಟ ಸಮಾಧಾನ ಇನ್ನೊಂದಿಲ್ಲ. ಎಲ್ಲರಿಗೂ ಮೊದಲೇ ಗೊತ್ತಿತ್ತು, ನೀನೊಬ್ಬನೇ ದಡ್ಡ ಎಂದು ಹೇಳಿದ ಹಾಗಾಗುತ್ತದೆ. ಹೆಂಡತಿಗೆ, ಮಗನಿಗೆ ನಾನು ಮೊದಲು ಹೇಳಿದ್ದೇ ಇದು: ಆ ಮಾತು ನಿಲ್ಲಿಸಿ. ಅವರು ದುಃಖ ಪಡುತ್ತಿದ್ದಾರೆ, ಪಡಲಿ.

ಅವರಿಗೆ ಇನ್ನೊಂದು ಸಿಟ್ಟಿತ್ತು. "ಇದಕ್ಕೊಂದು ಕಾನೂನು ಇಲ್ವಾ ಮೇಡಂ?" ಎಂದು ಪೇಪರ್ ಕಟಿಂಗ್ ಮುಂದಿಟ್ಟರು. ಆಪ್ತಸಲಹೆಯಲ್ಲಿ ಕಾನೂನು ಯಾಕೆ ಎನ್ನಬಹುದು. ಸಿಟ್ಟಿಗೆ ಕಾರಣ ಅರ್ಧ ತಿಳಿಯದೇ ಇರುವುದು ಎಂದಾದರೆ ತಿಳಿಸಬೇಕು. ಕಾನೂನು ಇದೆ, 1985ರ ಪಕ್ಷಾಂತರ ನಿಷೇಧ ಕಾಯ್ದೆ. 2003ರಲ್ಲಿ ಅದನ್ನು ಬಿಗಿ ಮಾಡಿದರು. ಆದರೆ ಅದು ಹಿಡಿಯುವುದು ಗೆದ್ದು ಕೂತ ಶಾಸಕರನ್ನು, ಸಂಸದರನ್ನು. ಸೋತು ಮನೆಯಲ್ಲಿರುವ ನಾಯಕ ಯಾವ ಪಕ್ಷಕ್ಕೆ ಹೋದರೂ ಕೇಳುವ ಹಾಗಿಲ್ಲ. ಪಕ್ಷಕ್ಕೆ ಪಕ್ಷವೇ ಮೈತ್ರಿ ಮಾಡಿಕೊಂಡರೂ ಕೇಳುವ ಹಾಗಿಲ್ಲ. 2006ರಲ್ಲಿ ಜೆಡಿಎಸ್-ಬಿಜೆಪಿ, 2018ರಲ್ಲಿ ಕಾಂಗ್ರೆಸ್-ಜೆಡಿಎಸ್, 2023ರಲ್ಲಿ ಮತ್ತೆ ಜೆಡಿಎಸ್-ಬಿಜೆಪಿ. ಪ್ರತಿ ಸಲವೂ ನಿನ್ನೆ ಬೈದವರ ಪಕ್ಕದಲ್ಲಿ ಇವತ್ತು ಕುರ್ಚಿ ಹಾಕಿಸಿಕೊಂಡು ಕೂರಬೇಕಾದ ಬೂತ್ ಮಟ್ಟದವರು ಇದ್ದೇ ಇದ್ದರು. ಗೆದ್ದವರನ್ನು ಅವಧಿಗೆ ಮುಂಚೆ ವಾಪಸ್ ಕರೆಸುವ ಹಕ್ಕು ವಿಧಾನಸಭೆ, ಲೋಕಸಭೆಯ ಮತದಾರರಿಗೆ ಇಲ್ಲ.

2019ರದ್ದು ಅವರಿಗೇ ಚೆನ್ನಾಗಿ ನೆನಪಿತ್ತು. ಹದಿನೇಳು ಶಾಸಕರನ್ನು ಸ್ಪೀಕರ್ ಅನರ್ಹ ಮಾಡಿದರು. ಅನರ್ಹತೆ ಸರಿ, ಆದರೆ ಮತ್ತೆ ಚುನಾವಣೆಗೆ ನಿಲ್ಲಬಹುದು ಎಂದು ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಡಿಸೆಂಬರ್‌ನಲ್ಲಿ 15 ಕ್ಷೇತ್ರಕ್ಕೆ ಉಪಚುನಾವಣೆ ಆಯಿತು, ಚಿಕ್ಕಬಳ್ಳಾಪುರವೂ ಸೇರಿ. ಹೊಸ ಪಕ್ಷದಿಂದ ನಿಂತವರಲ್ಲಿ ಹೆಚ್ಚಿನವರು ಗೆದ್ದರು. "ಜನಾನೇ ಮತ್ತೆ ಗೆಲ್ಲಿಸ್ತಾರೆ ಅಂದ್ಮೇಲೆ, ನನಗೊಬ್ಬನಿಗೇ ಯಾಕೆ ಉರೀಬೇಕು?" ಎಂದು ಕೇಳಿದರು. ನಾಯಕ ಬಿಟ್ಟು ಹೋಗಿದ್ದಕ್ಕಿಂತ, ಯಾರಿಗೂ ಏನೂ ಅನ್ನಿಸದೇ ಇರುವುದು ಅವರಿಗೆ ಜಾಸ್ತಿ ಚುಚ್ಚಿತ್ತು. ಮತ್ತೆ ಗೆಲ್ಲಿಸಿದವರಿಗೆ ಅವರದೇ ಲೆಕ್ಕ ಇರುತ್ತದೆ, ರಸ್ತೆಯೋ ಆಸ್ಪತ್ರೆಯೋ ಜಾತಿಯೋ. ನಿಮಗೆ ಉರಿಯುತ್ತಿರುವುದು ನೀವು ಮಾತು ಕೊಟ್ಟವರು ಅನ್ನುವ ಕಾರಣಕ್ಕೆ ಎಂದೆ. ಅದು ರೋಗ ಅಲ್ಲ. ನಿದ್ದೆ, ಊಟ, ಕೆಲಸ ಕೆಟ್ಟಿರುವುದನ್ನು ಮಾತ್ರ ಸರಿ ಮಾಡಿಕೊಳ್ಳಬೇಕು.

ಕೊಟ್ಟ ಸಲಹೆಯಲ್ಲಿ ಮೊದಲನೆಯದು ಸಪ್ಪೆ ಸಲಹೆ. ಸಂಜೆ ಏಳರ ಮೇಲೆ ಸುದ್ದಿ ಚಾನೆಲ್ ಬೇಡ. ಪಕ್ಷದ ವಾಟ್ಸಾಪ್ ಗ್ರೂಪಿನಿಂದ ಹೊರಗೆ ಬರುವುದು ಬೇಡ, ಮ್ಯೂಟ್ ಮಾಡಿ ಸಾಕು. ಹೊರಗೆ ಬಂದರೆ ಅದೇ ಒಂದು ಸುದ್ದಿಯಾಗುತ್ತದೆ, ನಾಲ್ಕು ಜನ ಫೋನ್ ಮಾಡುತ್ತಾರೆ. ಬೆಳಿಗ್ಗೆ ಹುಳಕ್ಕೆ ಸೊಪ್ಪು ಹಾಕುವ ಕೆಲಸ ಮಗನಿಗೆ ಬಿಡದೆ ಅವರೇ ಮಾಡಬೇಕು, ಮನಸ್ಸಿದ್ದರೂ ಇಲ್ಲದಿದ್ದರೂ. ಸಿಟ್ಟಿನಲ್ಲಿ ಇನ್ನೊಂದು ಪಕ್ಷದ ಶಾಲು ಹಾಕಿಸಿಕೊಳ್ಳಬಾರದು. ಆಗಲೇ ಇಬ್ಬರು ಮನೆಗೆ ಬಂದು ಕರೆದು ಹೋಗಿದ್ದರು.

ಆಮೇಲೆ ಒಂದು ಕೆಲಸ ಕೊಟ್ಟೆ. ಪಕ್ಷಕ್ಕೆ ಸೇರಿದಾಗ ಯಾವುದನ್ನು ನಂಬಿ ಸೇರಿದಿರಿ, ಅದರಲ್ಲಿ ಆದದ್ದು ಏನು, ಮಾಡಿದವರು ಯಾರು, ಬರೆದುಕೊಂಡು ಬನ್ನಿ. ಒಂದು ಹಾಳೆ ತಂದರು. ಮೊದಲ ಸಾಲು ನೀರು. ಸಾವಿರ ಅಡಿ ಕೊರೆದರೂ ನೀರು ಸಿಗದ ಊರಲ್ಲಿ ಇನ್ನೇನು ಬರೆದಾರು? ಶಾಶ್ವತ ನೀರಾವರಿ ಹೋರಾಟಕ್ಕೆ ಟ್ರ್ಯಾಕ್ಟರ್ ತುಂಬ ಜನರನ್ನು ಕರೆದುಕೊಂಡು ಹೋಗಿದ್ದು ಇವರೇ. ವೋಟಿಗೆ ದುಡ್ಡು ಹಂಚಬಾರದು ಎಂಬುದು ಎರಡನೆಯದು. ಬೂತಿಗೆ ಬಂದ ಕವರುಗಳನ್ನು ಇವರು ಮುಟ್ಟಿರಲಿಲ್ಲ, ಬೇರೆಯವರು ಹಂಚಿದ್ದರು. ಕೆರೆ ಕಟ್ಟೆಯ ಜಾಲಿ ತೆಗೆಸಿದ್ದು, ಗಂಡ ಸತ್ತ ಹೆಣ್ಣುಮಕ್ಕಳಿಗೆ ಪಿಂಚಣಿ ಅರ್ಜಿ ಬರೆದು ನಾಡಕಚೇರಿಗೆ ಅಲೆದದ್ದು ಕೆಳಗಿನ ಸಾಲುಗಳಲ್ಲಿತ್ತು. ಸಾಹೇಬರ ಹೆಸರು ಬಂದಿದ್ದು ಒಂದೇ ಕಡೆ, ಬಸ್ ತಂಗುದಾಣದ ಉದ್ಘಾಟನೆಯಲ್ಲಿ. ನಾನೇನೂ ವಿವರಿಸಲಿಲ್ಲ. ಅವರೇ ಹಾಳೆ ತಿರುಗಿಸಿ ತಿರುಗಿಸಿ ನೋಡಿ, "ಅವ್ರು ಇಲ್ದಿದ್ರೂ ಇದೆಲ್ಲ ಮಾಡ್ತಿದ್ನೇನೋ" ಎಂದರು.

ಜಾಮೀನಿನ ವಿಷಯ ಮಾತಿನಿಂದ ಮುಗಿಯುವಂಥದ್ದಲ್ಲ. ಕೆಂಪು ಟಿಕ್‌ನವರಲ್ಲಿ ಎದುರಿಸಲು ತೀರಾ ಕಷ್ಟ ಅನ್ನಿಸುವ ಒಬ್ಬರು ಯಾರು ಎಂದು ಕೇಳಿದೆ. ಆಟೋದ ಅಜ್ಜಿ ಎಂದರು. ಹೋಗಿ ನೇರವಾಗಿ ಹೇಳಿ ಬನ್ನಿ: ನನಗೂ ಗೊತ್ತಿರಲಿಲ್ಲ, ಇನ್ನು ಮುಂದೆ ನನ್ನ ಮಾತಿಗೆ ಅಂತ ವೋಟು ಹಾಕಬೇಡಿ. ಹೋಗಿ ಬಂದರು. ಅಜ್ಜಿಗೆ ಸಾಹೇಬರು ಪಕ್ಷ ಬಿಟ್ಟದ್ದೇ ಗೊತ್ತಿರಲಿಲ್ಲವಂತೆ. ಪಿಂಚಣಿ ಎರಡು ತಿಂಗಳಿಂದ ಬಂದಿಲ್ಲ, ನೋಡಪ್ಪಾ ಎಂದು ಪಾಸ್‌ಬುಕ್ ಕೊಟ್ಟರಂತೆ. ಇದನ್ನು ಹೇಳುವಾಗ ಇವರ ಮುಖದಲ್ಲಿ ನಗು ಇತ್ತು.

ತಮ್ಮನ ವಿಷಯದಲ್ಲಿ ಇಷ್ಟು ಸಲೀಸಾಗಿ ಏನೂ ಆಗಿಲ್ಲ. ರಾಜಕೀಯದ ಮಾತೇ ಎತ್ತದೆ ಹೋಗಿ, ತಾಯಿಯ ವರ್ಷದ ತಿಥಿಗೆ ಕರೆಯಿರಿ ಎಂದಿದ್ದೆ. ಕರೆದರು. ತಮ್ಮ ಬರಲಿಲ್ಲ, ತಮ್ಮನ ಹೆಂಡತಿ, ಮಕ್ಕಳು ಬಂದರು. ಒಂದು ಚುನಾವಣೆಗಾಗಿ ಇಷ್ಟು ವರ್ಷ ಕಳೆದುಕೊಂಡೆ ಎಂಬುದು ಇವರಿಗೆ ಇನ್ನೂ ಕೊರೆಯುತ್ತಿದೆ. ನಾಯಕನ ಮೇಲಿನ ಸಿಟ್ಟಿನಲ್ಲಿ ಬಹುಪಾಲು ಇದೇ ಎಂದು ನನಗೆ ಮೊದಲಿನಿಂದಲೂ ಅನ್ನಿಸಿತ್ತು. ಈ ಮಾತುಕತೆ ಇನ್ನೂ ನಡೆಯುತ್ತಿದೆ.

ಮುಂದಿನ ಚುನಾವಣೆಗೆ ಯಾರಿಗೆ ಹಾಕಲಿ ಎಂದು ಒಮ್ಮೆ ಕೇಳಿಯೇ ಬಿಟ್ಟರು. ಆಪ್ತಸಲಹೆಗಾರರು ಈ ಪ್ರಶ್ನೆಗೆ ಉತ್ತರ ಕೊಡಬಾರದು, ಕೊಡಲಿಲ್ಲ. ನೋಟಾ ಬಗ್ಗೆ ಕೇಳಿದ್ದಕ್ಕೆ ಇದ್ದದ್ದು ಹೇಳಿದೆ: 2013ರಿಂದ ಇದೆ, ಅದಕ್ಕೆ ಎಷ್ಟೇ ವೋಟು ಬಿದ್ದರೂ ಅಭ್ಯರ್ಥಿಗಳಲ್ಲಿ ಹೆಚ್ಚು ಪಡೆದವರೇ ಗೆಲ್ಲುತ್ತಾರೆ. ಬೂತ್ ಏಜೆಂಟ್ ಆಗಿ ಇನ್ನು ಕೂರುವುದಿಲ್ಲ ಎಂದು ಅವರೇ ತೀರ್ಮಾನ ಮಾಡಿದ್ದಾರೆ. ಪಟ್ಟಿಗಳನ್ನು ಸುಟ್ಟು ಹಾಕಲಾ ಎಂದಾಗ ಅವಸರ ಬೇಡ ಎಂದೆ.

ನಿಮ್ಮ ಮನೆಯಲ್ಲಿ ಹೀಗೆ ಯಾರಾದರೂ ಇದ್ದು, ಎರಡು ವಾರ ದಾಟಿದರೂ ನಿದ್ದೆ, ಊಟ, ಕೆಲಸ ಸರಿಯಾಗದಿದ್ದರೆ, ಅಥವಾ ಸಾಯುವ ಮಾತು ಬಂದರೆ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416, ದುಡ್ಡು ಕಟ್ಟಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ.