ಮಾಂಟೂ ಉಬ್ಬದಿದ್ದರೆ ದೇಹ ಸೋತಿದೆಯೇ?

ಬೆಟಗೇರಿಯ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ಓಣಿಯ ನೇಕಾರನ ಕಫದಲ್ಲಿ ಕ್ಷಯದ ರೋಗಾಣು ಸಿಕ್ಕಿದೆ. ಆದರೂ ಕ್ಷಯದ ಪರೀಕ್ಷೆಗೆಂದು ತೋಳಿಗೆ ಮಾಂಟೂ ಚುಚ್ಚಿದ ಜಾಗ ಉಬ್ಬಲಿಲ್ಲ. ರೋಗನಿರೋಧಕ ಶಕ್ತಿ ಸತ್ತಿದೆ, ಈ ಪುಡಿ ತಿನ್ನಿಸಿ ಎಂದರು ಅಂಗಡಿಯವರು. ಶಕ್ತಿ ಹೆಚ್ಚಿದರೆ ರೋಗ ಹೋಗುವುದಿಲ್ಲವೇ?’

ಸಂಪಾದಕರ ಉತ್ತರ: ಒಳ್ಳೆಯ ಪ್ರಶ್ನೆ ಎತ್ತಿದ್ದೀರಿ. ಆದರೆ ಅಂಗಡಿಯವರ ಮಾತನ್ನು ಇಷ್ಟು ಬೇಗ ನಂಬಬಾರದಿತ್ತು. ಎಚ್‌ಐವಿ, ಸಕ್ಕರೆ ಕಾಯಿಲೆ, ಅರೆಹೊಟ್ಟೆ ಇದ್ದವರಲ್ಲಿ ಪ್ರತಿರೋಧ ಕುಗ್ಗಿ ಕ್ಷಯ ಏಳುವುದು ನಿಜ. ಹಾಗೆಂದು ರೋಗಿಯ ದೇಹ ಕೈಕಟ್ಟಿ ಕುಳಿತಿರುವುದಿಲ್ಲ.

ಮಾಂಟೂದಲ್ಲಿ 0.1 ಮಿ.ಲೀ. ಟ್ಯುಬರ್ಕುಲಿನ್, ಅಂದರೆ ಕ್ಷಯದ ರೋಗಾಣುವಿನಿಂದ ತೆಗೆದ ದ್ರವ, ಚರ್ಮದ ಪದರದೊಳಗೇ ನಿಲ್ಲಬೇಕು. ಸೂಜಿ ಆಳಕ್ಕೆ ಇಳಿದರೆ ಪರೀಕ್ಷೆ ಕೆಟ್ಟಂತೆ. 48ರಿಂದ 72 ಗಂಟೆಯೊಳಗೆ ಅಳೆಯುವುದು ಗಟ್ಟಿಯಾದ ಉಬ್ಬನ್ನು, ಸುತ್ತಲಿನ ಕೆಂಪನ್ನಲ್ಲ. ಎಲ್ಲ ಸರಿಯಿದ್ದರೂ ಸಕ್ರಿಯ ಕ್ಷಯವಿರುವ ಕೆಲವರಲ್ಲಿ ಅದು ಏಳದು. ಉಬ್ಬು ಏಳಿಸುವವು ರೋಗಾಣುವನ್ನು ಗುರುತಿಸುವ ಟಿ ಕೋಶಗಳೆಂಬ ಬಿಳಿ ರಕ್ತಕಣಗಳು; ಅವು ರೋಗವಿದ್ದಲ್ಲಿಗೆ ಹೋಗಿ ಸೇರಿರುತ್ತವೆ. ಪ್ರತಿರೋಧವನ್ನು ತಗ್ಗಿಸುವ ಐಎಲ್-10ನಂಥ ರಾಸಾಯನಿಕ ಸಂಕೇತಗಳು ಉಳಿದವುಗಳನ್ನು ತಡೆದಿರುತ್ತವೆ. ಕ್ಷಯದಿಂದ ಎದೆಯಲ್ಲಿ ನೀರು ತುಂಬಿದವರನ್ನೇ ನೋಡಿ: ತೋಳು ಸಪಾಟಾಗಿದ್ದಾಗಲೂ ಆ ನೀರಿನಲ್ಲಿ ಟಿ ಕೋಶಗಳೂ ಅವು ಹೋರಾಟಕ್ಕೆ ಬಿಡುವ ಗಾಮಾ ಇಂಟರ್‌ಫೆರಾನೂ ಧಾರಾಳವಾಗಿ ಸಿಗುತ್ತವೆ.

ಶ್ವಾಸಕೋಶದಲ್ಲಿ ಕುಳಿ ಬೀಳುವುದಾದರೂ ಹೇಗೆ? ರೋಗಾಣುವನ್ನು ನುಂಗುವ ನಮ್ಮವೇ ಮ್ಯಾಕ್ರೊಫೇಜ್, ನ್ಯೂಟ್ರೊಫಿಲ್ ಕೋಶಗಳು ಬಿಡುವ ಕಿಣ್ವಗಳು ಅಂಗಾಂಶವನ್ನು ಕರಗಿಸುತ್ತವೆ. ಮಿದುಳಿನ ಪೊರೆಗೆ ಕ್ಷಯ ತಗುಲಿದಾಗ ವೈದ್ಯರು ಕ್ಷಯದ ಮಾತ್ರೆಯ ಜೊತೆಗೆ ಸ್ಟೆರಾಯ್ಡ್ ಕೊಟ್ಟು ಈ ಉರಿಯೂತವನ್ನು ತಗ್ಗಿಸುತ್ತಾರೆ. ಎಚ್‌ಐವಿ ಔಷಧದಿಂದ ಪ್ರತಿರೋಧ ಮರಳಿದಾಗ ಕೆಲವರ ಕ್ಷಯದ ಲಕ್ಷಣ ಉಲ್ಬಣಿಸುವುದೂ ಉಂಟು. ಇತ್ತ ಸಂಧಿವಾತಕ್ಕೆಂದು ಟಿಎನ್‌ಎಫ್ ಎಂಬ ಉರಿಯೂತದ ಸಂಕೇತವನ್ನು ತಡೆಯುವ ಔಷಧ ಕೊಟ್ಟರೆ ಅಡಗಿದ್ದ ಕ್ಷಯ ಏಳಬಹುದು. ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ.

ಪ್ರತಿರೋಧವನ್ನು ಕೆರಳಿಸಿ ಗುಣಪಡಿಸುವ ಆಸೆ ಹಳೆಯದು. 1882ರಲ್ಲಿ ರೋಗಾಣು ಕಂಡುಹಿಡಿದ ರಾಬರ್ಟ್ ಕಾಖ್ 1890ರಲ್ಲಿ ಟ್ಯುಬರ್ಕುಲಿನ್ನೇ ಔಷಧವೆಂದು ಸಾರಿದರು. ರೋಗಿಗಳಿಗೆ ಜ್ವರ ಏರಿತು, ಕೆಲವರು ಸತ್ತರು. ಉಳಿದದ್ದು ಪರೀಕ್ಷೆಯ ದ್ರವವಾಗಿ ಮಾತ್ರ.

ಹುಬ್ಬಳ್ಳಿಯಿಂದ ಹಾವೇರಿಯವರೆಗೆ ‘ಇಮ್ಯೂನಿಟಿ’ ಎಂಬ ಚೀಟಿ ಅಂಟಿಸಿದರೆ ಏನು ಬೇಕಾದರೂ ಮಾರಾಟವಾಗುತ್ತದೆ. ಪುಡಿ ನಂಬಿ ಮಾತ್ರೆ ಬಿಟ್ಟವರ ರೋಗಾಣು ಔಷಧಕ್ಕೆ ಜಗ್ಗದಂತಾದರೆ ಹೊಣೆ ಯಾರು? ಔಷಧಕ್ಕೆ ಬಗ್ಗುವ ಕ್ಷಯಕ್ಕೆ ಸಾಮಾನ್ಯವಾಗಿ 6 ತಿಂಗಳ ಮಾತ್ರೆ ಬೇಕು: ಮೊದಲ 2 ತಿಂಗಳು ನಾಲ್ಕು ಔಷಧ, ಉಳಿದ 4 ತಿಂಗಳು ಮೂರು. ಕೆಮ್ಮು ನಿಂತಿತೆಂದು ನಿಲ್ಲಿಸುವಂತಿಲ್ಲ. ಕಣ್ಣು ಹಳದಿಯಾದರೆ ಮಾತ್ರೆಯಿಂದ ಯಕೃತ್ತಿಗೆ ಪೆಟ್ಟಾಗಿರಬಹುದು, ಅಂದೇ ವೈದ್ಯರಿಗೆ ತೋರಿಸಬೇಕು. ಪುಡಿಯ ದುಡ್ಡು ಮೊಟ್ಟೆ, ಹೆಸರುಕಾಳು, ಶೇಂಗಾಕ್ಕೆ ಹೋಗಲಿ. ಕ್ಷಯ ರೋಗಿಗಳ ಆಹಾರಕ್ಕೆಂದು ಸರಕಾರ ಕೊಡುವ ನಿಕ್ಷಯ ಪೋಷಣ ಯೋಜನೆಯ ನೆರವು 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿಗೆ ಏರಿದೆ. ಅದು ಆ ನೇಕಾರನ ಖಾತೆಗೆ ಬರುತ್ತಿದೆಯೇ ಎಂದು ನಾಳೆಯೇ ವಿಚಾರಿಸಿ.